ಡಿಸ್ಕ್ ಇಲ್ಲದ ಕನ್ಸೋಲ್: ಹತ್ತು ಸಾವಿರ ರೂಪಾಯಿ ಉಳಿತಾಯದ ಅಸಲಿ ಲೆಕ್ಕ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ವಿಡಿಯೊ ಗೇಮ್ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಯಂತ್ರ) ಕೊಡಿಸಲು ಯೋಚಿಸುತ್ತಿರುವ ಪೋಷಕರಿಗೆ ಸಲಹೆ ನೀಡುವ ಲೇಖನವೊಂದು ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಪ್ರಕಟವಾಗಿತ್ತು. ಸೋನಿ ಕಂಪನಿಯ ಪ್ಲೇಸ್ಟೇಷನ್ 5ರ ಎರಡು ಮಾದರಿಗಳ ಪೈಕಿ ಡಿಸ್ಕ್ ಡ್ರೈವ್ ಇಲ್ಲದ, ಆಟಗಳನ್ನು ಇಂಟರ್‌ನೆಟ್‌ನಿಂದಲೇ ಇಳಿಸಿಕೊಳ್ಳಬೇಕಾದ ‘ಡಿಜಿಟಲ್ ಎಡಿಷನ್’ ಹತ್ತು ಸಾವಿರ ರೂಪಾಯಿ ಅಗ್ಗವಾಗಿದೆ, ಎರಡರ ಸಾಮರ್ಥ್ಯವೂ ಒಂದೇ ಆಗಿದೆ, ಆದ್ದರಿಂದ ಮಧ್ಯಮ ವರ್ಗದ ಕುಟುಂಬಕ್ಕೆ ಅದೇ ಸೂಕ್ತ ಎಂಬುದು ಆ ಲೇಖನದ ತೀರ್ಮಾನ. ಸಾಮರ್ಥ್ಯದ ವಿಷಯದಲ್ಲಿ ಲೇಖಕರ ಮಾತು ಸರಿಯಾಗಿದೆ. ಆದರೆ ತೀರ್ಮಾನ, ನನ್ನ ಅಭಿಪ್ರಾಯದಲ್ಲಿ, ತಲೆಕೆಳಗಾಗಿದೆ. ಹಣ ಎಣಿಸಿ ಖರ್ಚು ಮಾಡಬೇಕಾದ ಮನೆಯವರೇ ಹೆಚ್ಚು ಬೆಲೆಯ, ಡಿಸ್ಕ್ ಡ್ರೈವ್ ಇರುವ ಮಾದರಿಯನ್ನು ಕೊಳ್ಳಬೇಕು. ಹಣದ ಚಿಂತೆ ಇಲ್ಲದವರು ಬೇಕಿದ್ದರೆ ಅಗ್ಗದ ಮಾದರಿಯನ್ನು ಕೊಳ್ಳಬಹುದು. ಈ ಮಾತು ವಿಚಿತ್ರವಾಗಿ ಕೇಳಿಸಬಹುದಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಪ್ಲೇಸ್ಟೇಷನ್ 5 ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರುವರಿ 2ರಂದು. ಆಗ ಡಿಸ್ಕ್ ಮಾದರಿಗೆ ₹49,990, ಡಿಜಿಟಲ್ ಮಾದರಿಗೆ ₹39,990 ಬೆಲೆ ಇತ್ತು. 2022ರ ಕೊನೆಯಲ್ಲಿ ಎರಡಕ್ಕೂ ಐದೈದು ಸಾವಿರ ಏರಿತು. 2024ರ ಏಪ್ರಿಲ್‌ನಲ್ಲಿ ತೆಳುವಾದ ಹೊಸ ರೂಪದಲ್ಲಿ ಬಂದಾಗಲೂ ₹54,990 ಮತ್ತು ₹44,990 ಎಂದೇ ನಿಗದಿಯಾಯಿತು. ಬೆಲೆಗಳು ಆಗಾಗ ಬದಲಾಗುತ್ತವೆ, ಹಬ್ಬದ ರಿಯಾಯಿತಿಯಲ್ಲಿ ಇಳಿಯುವುದೂ ಉಂಟು. ಆದರೆ ಈ ಮೂರೂ ಸಲ ಎರಡು ಮಾದರಿಗಳ ನಡುವಿನ ಅಂತರ ಹತ್ತು ಸಾವಿರವೇ ಆಗಿತ್ತೆಂಬುದು ಗಮನಾರ್ಹ. ಒಳಗಿನ ಪ್ರೊಸೆಸರ್, ಗ್ರಾಫಿಕ್ಸ್, ಮೆಮೊರಿ ಎಲ್ಲವೂ ಒಂದೇ. ಟಿವಿಯ ಮುಂದೆ ಕುಳಿತು ಆಡುವ ಹುಡುಗನಿಗೆ ಎರಡರ ನಡುವೆ ಯಾವ ವ್ಯತ್ಯಾಸವೂ ಕಾಣದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ಸೀರೀಸ್ ಎಕ್ಸ್ ಮಾದರಿಗಳನ್ನು ಆ ಲೇಖನವು ಇದೇ ಸಾಲಿಗೆ ಸೇರಿಸಿದೆ. ಅವೆರಡರ ಕಥೆ ಬೇರೆ. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಡ್ರೈವ್ ಇಲ್ಲದಿರುವುದು ಮಾತ್ರವಲ್ಲ, ಅದರ ಶಕ್ತಿಯೇ ಕಡಿಮೆ. ಸೀರೀಸ್ ಎಕ್ಸ್‌ಗೆ 16 ಜಿಬಿ ಮೆಮೊರಿ ಇದ್ದರೆ ಇದಕ್ಕೆ 10 ಜಿಬಿ ಇದೆ. 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಆಟವು ಪ್ಲೇಸ್ಟೇಷನ್‌ಗೆ ಸೆಪ್ಟೆಂಬರ್‌ನಲ್ಲೇ ಬಂದರೂ ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್‌ವರೆಗೆ ತಡವಾಗಲು ಈ ಚಿಕ್ಕ ಮಾದರಿಯೇ ಕಾರಣವಾಗಿತ್ತು. ಒಂದೇ ಪರದೆಯನ್ನು ಹಂಚಿಕೊಂಡು ಇಬ್ಬರು ಆಡುವ ಸೌಲಭ್ಯವನ್ನು ಸೀರೀಸ್ ಎಸ್‌ನಲ್ಲಿ ಕೈಬಿಟ್ಟ ಮೇಲೆಯೇ ಆಟ ಬಿಡುಗಡೆಯಾದದ್ದು. ಅಲ್ಲಿ ಕಡಿಮೆ ಹಣಕ್ಕೆ ಕಡಿಮೆ ಯಂತ್ರ ಸಿಗುತ್ತದೆ, ವ್ಯವಹಾರ ಕಣ್ಣಿಗೆ ಕಾಣುವಂತಿದೆ. ಪ್ಲೇಸ್ಟೇಷನ್‌ನಲ್ಲಿ ಕಡಿಮೆ ಹಣಕ್ಕೆ ಅದೇ ಯಂತ್ರ ಸಿಗುತ್ತದೆ. ಹಾಗಿದ್ದರೆ ಬಿಟ್ಟುಕೊಡುವುದೇನು ಎಂಬುದನ್ನು ಕೊಳ್ಳುವವನೇ ಹುಡುಕಿಕೊಳ್ಳಬೇಕಾಗಿದೆ.

ಡಿಸ್ಕ್ ಏನು ಮಾಡುತ್ತದೆ ಎಂಬುದರ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಹಿಂದಿನ ಕಾಲದ ಕ್ಯಾಸೆಟ್‌ನಂತೆ ಆಟ ಡಿಸ್ಕ್‌ನಿಂದಲೇ ನೇರವಾಗಿ ನಡೆಯುವುದಿಲ್ಲ. ಡಿಸ್ಕ್ ಹಾಕಿದೊಡನೆ ಆಟದ ಕಡತಗಳು ಕನ್ಸೋಲ್‌ನ ಒಳಗಿನ ಸಂಗ್ರಹಕ್ಕೆ ನಕಲಾಗುತ್ತವೆ. ಹಾಗಾಗಿ ಡಿಸ್ಕ್ ಇದ್ದರೆ ಜಾಗ ಉಳಿಯುತ್ತದೆ ಎಂಬ ಅಂಗಡಿಯವರ ಮಾತು ನಿಜವಲ್ಲ. 2021ರ ಕನ್ಸೋಲ್‌ನ 825 ಜಿಬಿಯಲ್ಲಿ ಆಟಗಳಿಗೆ ಉಳಿಯುತ್ತಿದ್ದುದು ಸುಮಾರು 667 ಜಿಬಿ, ಎರಡೂ ಮಾದರಿಗಳಲ್ಲಿ ಅಷ್ಟೇ. ನಕಲಾದ ನಂತರವೂ ಆಡುವಾಗಲೆಲ್ಲ ಡಿಸ್ಕ್ ಡ್ರೈವ್‌ನೊಳಗೆ ಇರಲೇಬೇಕು. ಏಕೆಂದರೆ ಆ ಆಟದ ಮೇಲಿನ ಹಕ್ಕು ನಿಮ್ಮದು ಎಂಬುದಕ್ಕೆ ಆ ಡಿಸ್ಕೇ ಸಾಕ್ಷಿ. ಡಿಜಿಟಲ್ ಮಾದರಿಯಲ್ಲಿ ಆ ಸಾಕ್ಷಿ ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಖಾತೆಯ ಹೆಸರಿನಲ್ಲಿರುತ್ತದೆ. ಡಿಸ್ಕನ್ನು ನೀವು ಇನ್ನೊಬ್ಬರ ಕೈಗೆ ಕೊಡಬಹುದು. ಖಾತೆಯನ್ನು ಹಾಗೆ ಕೊಡಲಾಗದು. ನನ್ನ ವಾದವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ಒಂದು ಶನಿವಾರ ಸಂಜೆ ಹೋಗಿ ನಿಂತರೆ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟಿನ ಓಣಿ. ಎರಡೂ ಬದಿಗೆ ಗೋಡೆಯೆತ್ತರ ಜೋಡಿಸಿದ ನೀಲಿ ಡಬ್ಬಿಗಳು. ಕಾಲೇಜು ಹುಡುಗನೊಬ್ಬ ಬ್ಯಾಗಿನಿಂದ ಆಟದ ಡಬ್ಬಿಯೊಂದನ್ನು ತೆಗೆದು ಕೌಂಟರ್ ಮೇಲಿಡುತ್ತಾನೆ. ಅಂಗಡಿಯವರು ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ತಿರುಗಿಸಿ ಗೀರು ಬಿದ್ದಿದೆಯೇ ಎಂದು ನೋಡುತ್ತಾರೆ, ಡಬ್ಬಿಯೊಳಗಿನ ಚೀಟಿ ಇದೆಯೇ ಎಂದು ಕೇಳುತ್ತಾರೆ, ಬೆಲೆ ಹೇಳುತ್ತಾರೆ. ಹುಡುಗ ಇನ್ನೂರು ಜಾಸ್ತಿ ಕೇಳುತ್ತಾನೆ. ಚೌಕಾಸಿ ಮುಗಿದ ಮೇಲೆ ಅದೇ ಗೋಡೆಯಿಂದ ಇನ್ನೊಂದು ಆಟವನ್ನು ಆರಿಸಿ, ವ್ಯತ್ಯಾಸದ ಹಣವನ್ನಷ್ಟೇ ಫೋನಿನಲ್ಲಿ ಪಾವತಿಸಿ ಹೊರಡುತ್ತಾನೆ. ಈ ಬಗೆಯ ವಿನಿಮಯ ಹುಬ್ಬಳ್ಳಿ, ಮೈಸೂರು, ಮಂಗಳೂರಿನಂಥ ಊರುಗಳಲ್ಲಿ ಸಣ್ಣ ಪ್ರಮಾಣದಲ್ಲಿ, ಅದಕ್ಕಿಂತ ಚಿಕ್ಕ ಊರುಗಳಲ್ಲಿ ಸ್ನೇಹಿತರ ನಡುವೆ, ಯಾವ ರಶೀದಿಯೂ ಇಲ್ಲದೆ ನಡೆಯುತ್ತದೆ. ನಮ್ಮ ಬೀದಿಯಲ್ಲಿಯೇ ಒಂದು ಆಟದ ಡಿಸ್ಕ್ ಒಂದು ಬೇಸಿಗೆ ರಜೆಯಲ್ಲಿ ನಾಲ್ಕಾರು ಮನೆ ಸುತ್ತಿ ಬಂದದ್ದನ್ನು ಕಂಡಿದ್ದೇನೆ. ಡಬ್ಬಿಯ ಮೂಲೆ ಮುರಿದು ಸೆಲ್ಲೋ ಟೇಪ್ ಅಂಟಿಸಿಕೊಂಡಿತ್ತು, ಡಿಸ್ಕ್ ಮಾತ್ರ ಚೆನ್ನಾಗಿತ್ತು.

ಡಿಜಿಟಲ್ ಮಾದರಿ ಇರುವ ಮನೆಗೆ ಈ ಇಡೀ ವ್ಯವಸ್ಥೆಯ ಬಾಗಿಲು ಮುಚ್ಚಿರುತ್ತದೆ. ಹಳೆಯ ಪ್ಲೇಸ್ಟೇಷನ್ 4ರ ಡಿಸ್ಕ್‌ಗಳು ಮನೆಯಲ್ಲಿದ್ದರೆ ಅವೂ ಉಪಯೋಗಕ್ಕೆ ಬಾರವು. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5ರಲ್ಲಿ ಅವುಗಳ ಪೈಕಿ ಬಹುಪಾಲು ನಡೆಯುತ್ತವೆ.

ಈಗ ಹಣದ ಲೆಕ್ಕಕ್ಕೆ ಬರೋಣ. ಪ್ಲೇಸ್ಟೇಷನ್ 5 ಬಂದಾಗ ಅದರ ದೊಡ್ಡ ಆಟಗಳ ಬೆಲೆ ₹4,999 ಇತ್ತು. ಅಂಥ ಒಂಬತ್ತು ಆಟಗಳಿಗೆ ₹44,991 ಆಗುತ್ತದೆ, ಅಂದರೆ 2024ರ ಡಿಜಿಟಲ್ ಮಾದರಿಯ ಬೆಲೆಗಿಂತ ಒಂದು ರೂಪಾಯಿ ಹೆಚ್ಚು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಕನ್ಸೋಲ್ ಒಮ್ಮೆ ಕೊಂಡರೆ ಮುಗಿಯಿತು, ಆಟಗಳ ಖರ್ಚು ಆರೇಳು ವರ್ಷ ನಡೆಯುತ್ತಲೇ ಇರುತ್ತದೆ. ವರ್ಷಕ್ಕೆ ಎರಡೇ ಹೊಸ ಆಟಗಳನ್ನು ಕೊಂಡು, ಮುಗಿದ ಮೇಲೆ ತಲಾ ಎರಡು ಸಾವಿರಕ್ಕೆ ಮಾರುತ್ತೇವೆ ಎಂದುಕೊಂಡರೂ, ಡಿಸ್ಕ್ ಡ್ರೈವ್‌ಗೆ ಕೊಟ್ಟ ಹತ್ತು ಸಾವಿರ ಎರಡೂವರೆ ವರ್ಷದಲ್ಲಿ ವಾಪಸಾಗುತ್ತದೆ. ಹೊಸದರ ಬದಲು ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವ ಮನೆಯಲ್ಲಿ ಇನ್ನೂ ಬೇಗ ವಾಪಸಾಗುತ್ತದೆ. ಆ ಲೇಖನದಲ್ಲಿ ಯಂತ್ರದ ಬೆಲೆ ಇದೆ, ಆಟಗಳ ಬೆಲೆಯ ಬಗ್ಗೆ ಒಂದು ಸಾಲೂ ಇಲ್ಲ.

ಡಿಜಿಟಲ್ ಅಂಗಡಿಯಲ್ಲಿಯೂ ರಿಯಾಯಿತಿ ಬರುತ್ತದೆ, ಕೆಲವೊಮ್ಮೆ ಅರ್ಧಕ್ಕಿಂತ ಕಡಿಮೆ ಬೆಲೆಗೂ ಆಟ ಸಿಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತಾಳ್ಮೆಯಿಂದ ವರ್ಷಗಟ್ಟಲೆ ಕಾಯುವವರಿಗೆ ಅದು ಲಾಭವೇ. ಆದರೆ ಆ ಅಂಗಡಿ ಒಂದೇ. ಬೆಲೆ ಯಾವಾಗ ಇಳಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಒಂದೇ ಕಡೆ ನಿರ್ಧರಿಸಲಾಗುತ್ತದೆ. ಡಿಸ್ಕ್‌ಗೆ ನಾಲ್ಕು ಅಂಗಡಿ, ಎರಡು ಆನ್‌ಲೈನ್ ಮಳಿಗೆ, ಒಬ್ಬ ಸ್ನೇಹಿತ ಇರುವಾಗ ಬೆಲೆ ತಾನಾಗಿಯೇ ಜಗ್ಗುತ್ತದೆ. ಇನ್ನು ವಾಪಸಾತಿಯ ವಿಷಯ: ಸೋನಿಯ ಆ ಡಿಜಿಟಲ್ ಅಂಗಡಿಯಾದ ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಕೊಂಡ ಆಟವನ್ನು 14 ದಿನಗಳ ಒಳಗೆ ಹಿಂದಿರುಗಿಸಬಹುದು, ಆದರೆ ಡೌನ್‌ಲೋಡ್ ಆರಂಭಿಸಿರಬಾರದು. ಆಟ ಚೆನ್ನಾಗಿಲ್ಲ ಎಂಬುದು ಆಡದೆ ಗೊತ್ತಾಗುವುದು ಹೇಗೆ ಎಂದು ಯಾರಾದರೂ ಕೇಳಬೇಕು.

ಬೆಂಗಳೂರಿನ ಹೊರಗಿರುವ ನಮ್ಮಂಥವರಿಗೆ ಇಂಟರ್‌ನೆಟ್‌ನ ಪ್ರಶ್ನೆಯೂ ಇದೆ. ಇಂದಿನ ದೊಡ್ಡ ಆಟವೊಂದು ನೂರು ಜಿಬಿ ಆಸುಪಾಸಿನಲ್ಲಿರುವುದು ಅಪರೂಪವಲ್ಲ. ಸೆಕೆಂಡಿಗೆ 30 ಮೆಗಾಬಿಟ್ ವೇಗದ ಫೈಬರ್ ಸಂಪರ್ಕ ಒಂದಿಷ್ಟೂ ಕುಂದದೆ ಕೆಲಸ ಮಾಡಿದರೂ ನೂರು ಜಿಬಿ ಇಳಿಯಲು ಏಳು ಗಂಟೆಗೂ ಹೆಚ್ಚು ಕಾಲ ಬೇಕು. ತಿಂಗಳ ಮಿತಿ ಮುಗಿದು ವೇಗ 4 ಮೆಗಾಬಿಟ್‌ಗೆ ಇಳಿದರೆ ಎರಡು ದಿನ ದಾಟುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿಕೊಂಡ ಮನೆಯಲ್ಲಿ ಅದೇ ಆಟಕ್ಕೆ ಐವತ್ತು ದಿನ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಕರೆಂಟು ಹೋಗಿ ಬರುವುದನ್ನು ಇದಕ್ಕೆ ಸೇರಿಸುವುದು ಬೇಡ. ಪ್ಲೇಸ್ಟೇಷನ್ 5ರ ಡಿಸ್ಕ್‌ನಲ್ಲಿ 100 ಜಿಬಿವರೆಗೆ ಹಿಡಿಯುತ್ತದೆ. ಬಿಡುಗಡೆಯ ದಿನವೇ ತಿದ್ದುಪಡಿಯ ಕಡತವೊಂದನ್ನು ಇಳಿಸಿಕೊಳ್ಳಿ ಎಂದು ಅನೇಕ ಆಟಗಳು ಕೇಳುವುದು ನಿಜ. ಆದರೂ ಒಬ್ಬರೇ ಆಡುವ ಬಹಳಷ್ಟು ಆಟಗಳನ್ನು ಡಿಸ್ಕ್‌ನಿಂದ ನಕಲಿಸಿದೊಡನೆ ಆರಂಭಿಸಬಹುದು.

ಮುಂದಿನದು ಬಾಳಿಕೆಯ ಮಾತು, ಮತ್ತು ಇದರ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆದಿಲ್ಲ. ಡಿಜಿಟಲ್ ಅಂಗಡಿಯಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದಾಗ ನಮಗೆ ಸಿಗುವುದು ಆಟವಲ್ಲ, ಆಟವನ್ನು ಬಳಸುವ ಪರವಾನಗಿ. ನಿಂಟೆಂಡೊ ಕಂಪನಿ ತನ್ನ 3ಡಿಎಸ್ ಮತ್ತು ವೀ ಯು ಕನ್ಸೋಲ್‌ಗಳ ಆನ್‌ಲೈನ್ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಅಂಗಡಿಯನ್ನು 2024ರ ಜುಲೈ 29ರಂದು ಮುಚ್ಚಿತು. ಮೊದಲೇ ಕೊಂಡಿದ್ದವರು ತಮ್ಮ ಆಟಗಳನ್ನು ಮತ್ತೆ ಇಳಿಸಿಕೊಳ್ಳಲು ಎರಡೂ ಕಂಪನಿಗಳು ಅವಕಾಶ ಉಳಿಸಿದವು, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಹೊಸದಾಗಿ ಕೊಳ್ಳಬೇಕೆಂದವರಿಗೆ ಡಿಜಿಟಲ್ ರೂಪದಲ್ಲಿ ಮಾತ್ರ ಇದ್ದ ಅನೇಕ ಆಟಗಳು ಅಲ್ಲಿಗೆ ಮುಗಿದವು. ಅದೇ ಯಂತ್ರಗಳ ಹಳೆಯ ಡಿಸ್ಕ್‌ಗಳೂ ಕಾರ್ಟ್ರಿಜ್‌ಗಳೂ ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಸೋನಿಯ ವಿಷಯದಲ್ಲಿ 2023ರ ಡಿಸೆಂಬರ್‌ನ ಪ್ರಸಂಗ ಇನ್ನೂ ಹತ್ತಿರದ್ದು. ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ಹಣ ಕೊಟ್ಟು ಕೊಂಡಿದ್ದವರ ಖಾತೆಯಿಂದಲೂ ಅವನ್ನು ತೆಗೆಯಲಾಗುವುದು ಎಂದು ಕಂಪನಿ ಪ್ರಕಟಿಸಿತು. ವಿರೋಧ ಎದ್ದಿತು, ಹೊಸ ಒಪ್ಪಂದವಾಯಿತು, ಅದೇ ತಿಂಗಳಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ಅವು ಟಿವಿ ಕಾರ್ಯಕ್ರಮಗಳು, ಆಟಗಳಲ್ಲ ಎಂಬುದು ದಿಟ. ಆದರೆ ಕೊಂಡದ್ದನ್ನು ತೆಗೆಯುವ ಅಧಿಕಾರ ಒಪ್ಪಂದದ ಒಕ್ಕಣೆಯಲ್ಲಿ ಇದೆ ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಡಿಸ್ಕ್ ಇದ್ದ ಮಾತ್ರಕ್ಕೆ ಎಲ್ಲವೂ ಶಾಶ್ವತ ಎಂದು ನಾನು ವಾದಿಸಿದರೆ ಅದೂ ಸುಳ್ಳಾಗುತ್ತದೆ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರು ಓಟದ ಆಟ 2014ರಲ್ಲಿ ಡಿಸ್ಕ್ ರೂಪದಲ್ಲಿಯೇ ಮಾರಾಟವಾಗಿತ್ತು. ಸರ್ವರ್ ಇಲ್ಲದೆ ಅದು ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರ್ ನಿಂತಾಗ ಆ ಡಿಸ್ಕ್‌ಗಳೆಲ್ಲ ಬರಿಯ ಪ್ಲಾಸ್ಟಿಕ್ ಆದವು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರಲ್ಲಂತೂ ಕೆಲವು ಆಟಗಳ ಕಾರ್ಡಿನೊಳಗೆ ಆಟವೇ ಇರುವುದಿಲ್ಲ. ಆಟವನ್ನು ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಹಾಗಿದ್ದರೂ ಆ ಕೀಲಿಯ ಕಾರ್ಡನ್ನು ಸ್ನೇಹಿತನಿಗೆ ಕೊಡಬಹುದು, ಮಾರಬಹುದು.

2013ರ ಜೂನ್‌ನಲ್ಲಿ ನಡೆದದ್ದನ್ನು ಇಲ್ಲಿ ನೆನೆಯದೆ ಇರಲಾರೆ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಹಳೆಯ ಡಿಸ್ಕ್‌ಗಳ ಮರುಮಾರಾಟಕ್ಕೆ ಕಡಿವಾಣ ಹಾಕಲು ಮೈಕ್ರೋಸಾಫ್ಟ್ ಹೊರಟಾಗ, ಲಾಸ್ ಏಂಜಲೀಸ್‌ನ ವೇದಿಕೆಯಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 4ರಲ್ಲಿ ಅಂಥ ನಿರ್ಬಂಧವಿಲ್ಲ ಎಂದು ಘೋಷಿಸಿ ಭರ್ಜರಿ ಚಪ್ಪಾಳೆ ಗಿಟ್ಟಿಸಿತ್ತು. ಒಬ್ಬರು ಇನ್ನೊಬ್ಬರ ಕೈಗೆ ಡಿಸ್ಕ್ ಕೊಡುವುದಷ್ಟೇ ಇದ್ದ ಕಿರುವಿಡಿಯೊವನ್ನೂ ಹೊರತಂದಿತ್ತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ನೀತಿಯನ್ನು ಬದಲಿಸಿತು. ಅಂದು ಕಾನೂನಿನ ಭಾಷೆಯಲ್ಲಿ ಮಾಡಲಾಗದ ಕೆಲಸವನ್ನು ಇಂದು ಡಿಜಿಟಲ್ ಮಾದರಿಯ ಮೇಲಿನ ರಿಯಾಯಿತಿ ಯಾರ ಗದ್ದಲವೂ ಇಲ್ಲದೆ ಮಾಡಿ ಮುಗಿಸುತ್ತಿದೆ. 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ 699.99 ಡಾಲರ್ ಬೆಲೆಗೆ ಬಿಡುಗಡೆಯಾದ ಪ್ಲೇಸ್ಟೇಷನ್ 5 ಪ್ರೊದಲ್ಲಿ ಡಿಸ್ಕ್ ಡ್ರೈವ್ ಇಲ್ಲವೇ ಇಲ್ಲ, ಪ್ರತ್ಯೇಕವಾಗಿ ಕೊಳ್ಳಬೇಕು. ಅತಿ ದುಬಾರಿ ಮಾದರಿಯಿಂದಲೂ ಅದನ್ನು ತೆಗೆದ ಮೇಲೆ ಇದು ಅಗ್ಗವಾಗಿಸುವ ಉದ್ದೇಶದಿಂದ ಮಾಡಿದ್ದು ಎಂದು ನಂಬುವುದು ಕಷ್ಟ.

“ಈಗ ಡಿಜಿಟಲ್ ಮಾದರಿ ಕೊಂಡು, ಬೇಕೆನಿಸಿದರೆ ಮುಂದೆ ಡ್ರೈವ್ ಸೇರಿಸಿಕೊಳ್ಳಬಹುದು” ಎಂಬ ಸಲಹೆಯೂ ಆ ಲೇಖನದಲ್ಲಿದೆ. ಇದು ತೆಳುವಾದ ಹೊಸ ಮಾದರಿಗೆ ಮಾತ್ರ ಅನ್ವಯಿಸುತ್ತದೆ. 2021ರ ಮೊದಲ ಡಿಜಿಟಲ್ ಮಾದರಿಗೆ ಆ ಡ್ರೈವ್ ಕೂರುವುದಿಲ್ಲ. ಹಳೆಯ ಕನ್ಸೋಲನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳುವವರು ಇದನ್ನು ಗಮನಿಸಬೇಕು. ಅಮೆರಿಕದಲ್ಲಿ ತೆಳು ಮಾದರಿ ಬಂದಾಗ ಡಿಸ್ಕ್ ಸಹಿತ ಕನ್ಸೋಲ್‌ಗೆ 499.99 ಡಾಲರ್, ಡಿಜಿಟಲ್‌ಗೆ 449.99 ಡಾಲರ್, ಬಿಡಿ ಡ್ರೈವ್‌ಗೆ 79.99 ಡಾಲರ್ ಬೆಲೆ ಇತ್ತು. ಅಂದರೆ ಆಮೇಲೆ ಮನಸ್ಸು ಬದಲಿಸಿದವರು ಮೂವತ್ತು ಡಾಲರ್ ದಂಡ ತೆತ್ತಂತಾಯಿತು. ಜೊತೆಗೆ, ಡ್ರೈವನ್ನು ಮೊದಲ ಸಲ ಜೋಡಿಸಿದಾಗ ಇಂಟರ್‌ನೆಟ್ ಮೂಲಕ ನೋಂದಾಯಿಸಲೇಬೇಕು. ನಮ್ಮೂರಿನ ಅಂಗಡಿಯಲ್ಲಿ ಆ ಬಿಡಿ ಡ್ರೈವ್ ಸಿಗುವುದೇ, ಎಷ್ಟಕ್ಕೆ ಸಿಗುವುದು ಎಂಬುದನ್ನು ಕನ್ಸೋಲ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಡಿಜಿಟಲ್ ಮಾದರಿ ಯಾರಿಗೂ ಸಲ್ಲದು ಎಂಬುದು ನನ್ನ ಅಭಿಪ್ರಾಯವಲ್ಲ. ಉಚಿತವಾಗಿ ಸಿಗುವ ಆನ್‌ಲೈನ್ ಆಟಗಳನ್ನೇ ಆಡುವವರಿಗೆ ಡಿಸ್ಕ್ ಯಾಕೆ ಬೇಕು? ಪ್ರತಿ ವರ್ಷ ಫುಟ್‌ಬಾಲ್ ಆಟ ಒಂದನ್ನೇ ಕೊಂಡು ಮುಂದಿನ ವರ್ಷದವರೆಗೆ ಅದನ್ನೇ ಆಡುವವರಿದ್ದಾರೆ. ಹೊಸ ಆವೃತ್ತಿ ಬಂದೊಡನೆ ಹಳೆಯ ಡಿಸ್ಕ್‌ನ ಬೆಲೆ ನೆಲ ಕಚ್ಚುವುದರಿಂದ ಅವರಿಗೂ ಹೆಚ್ಚಿನ ನಷ್ಟವಿಲ್ಲ. ಒಂದೇ ಕನ್ಸೋಲ್‌ನಲ್ಲಿ ಅಣ್ಣನ ಖಾತೆಯಿಂದ ಕೊಂಡ ಆಟವನ್ನು ತಂಗಿ ತನ್ನ ಖಾತೆಯಿಂದ ಆಡಬಹುದು, ಅದು ಒಳ್ಳೆಯ ಸೌಲಭ್ಯ. ಮಾಸಿಕ ಇಲ್ಲವೇ ವಾರ್ಷಿಕ ಚಂದಾ ಕಟ್ಟಿ ಅದರಲ್ಲಿ ಸಿಗುವ ಆಟಗಳಷ್ಟಕ್ಕೇ ತೃಪ್ತರಾಗುವವರೂ ಇದ್ದಾರೆ. ಅವರು ಚಂದಾದ ಬೆಲೆಯ ಮೇಲೊಂದು ಕಣ್ಣಿಟ್ಟಿರಲಿ: ಅಮೆರಿಕದಲ್ಲಿ ಸೋನಿಯ ಚಂದಾ ಸೇವೆಯಾದ ಪ್ಲೇಸ್ಟೇಷನ್ ಪ್ಲಸ್‌ನ ಮೂಲ ಯೋಜನೆಯ ವಾರ್ಷಿಕ ಚಂದಾ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮೆಲೇ 59.99ರಿಂದ 79.99 ಡಾಲರ್‌ಗೆ ಏರಿತು.

ವಿದೇಶದಲ್ಲಿರುವ ನೆಂಟರ ಕೈಯಲ್ಲಿ ಕನ್ಸೋಲ್ ತರಿಸುವ ಮನೆಗಳು ನಮ್ಮಲ್ಲಿ ಸಾಕಷ್ಟಿರುವುದರಿಂದ ಒಂದೆರಡು ಮಾತು. ಯಂತ್ರ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ಪ್ಲಗ್ ಬದಲಿಸಿದರೆ ಸಾಕು. ಆದರೆ ಖಾತೆಗೆ ಒಮ್ಮೆ ಆರಿಸಿದ ದೇಶವನ್ನು ಆಮೇಲೆ ಬದಲಿಸಲಾಗದು. ಅಮೆರಿಕದ ಖಾತೆಯಲ್ಲಿ ಭಾವ ಕೊಡಿಸಿದ ಡಿಜಿಟಲ್ ಆಟಗಳು ಇಲ್ಲಿನ ಭಾರತೀಯ ಖಾತೆಗೆ ಬಾರವು. ಡಿಸ್ಕ್‌ನಲ್ಲಿರುವ ಆಟ ಯಾವ ದೇಶದ ಕನ್ಸೋಲ್‌ನಲ್ಲಾದರೂ ನಡೆಯುತ್ತದೆ, ಅದಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗಗಳಿಗೆ ಮಾತ್ರ ಡಿಸ್ಕ್‌ನ ಪ್ರದೇಶವೂ ಖಾತೆಯ ಪ್ರದೇಶವೂ ಹೊಂದಬೇಕು.

ನನ್ನ ಕೋರಿಕೆ ಎರಡು ಕಡೆಗೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನೊಂದರ ಪ್ರಕಾರ, ಡಿಜಿಟಲ್ ಅಂಗಡಿಯು ತಾನು ಮಾರುತ್ತಿರುವುದು ವಸ್ತುವಲ್ಲ, ಪರವಾನಗಿ ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಬಳಸುವಂತಿಲ್ಲ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಕೊಳ್ಳುವ ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆಗಳ ಬಗ್ಗೆ ಮಾಹಿತಿ ಪಡೆಯುವ ಹಕ್ಕನ್ನು ಗ್ರಾಹಕರಿಗೆ ನೀಡಿದೆ. ಅದರ ಅಡಿಯಲ್ಲಿ ರಚನೆಯಾಗಿರುವ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕನ್ಸೋಲ್‌ನ ಪೆಟ್ಟಿಗೆಯ ಮೇಲೂ ಆನ್‌ಲೈನ್ ಮಾರಾಟದ ಪುಟದಲ್ಲಿಯೂ ಎರಡು ಸಾಲು ಕಡ್ಡಾಯ ಮಾಡುವುದು ದೊಡ್ಡ ಕೆಲಸವೇನಲ್ಲ: ಈ ಮಾದರಿಯಲ್ಲಿ ಡಿಸ್ಕ್ ನಡೆಯುವುದಿಲ್ಲ, ಇದರಲ್ಲಿ ಕೊಂಡ ಆಟಗಳನ್ನು ಮರುಮಾರಾಟ ಮಾಡಲಾಗದು. ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿರಬೇಕು ಎಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ, ಜೊತೆಗೆ ಇನ್ನೊಂದು ಭಾಷೆ ಸೇರಿಸುವುದನ್ನು ಅದು ತಡೆಯುವುದಿಲ್ಲ. ಕರ್ನಾಟಕದಲ್ಲಿ ಮಾರುವ ಪೆಟ್ಟಿಗೆಯ ಮೇಲೆ ಆ ಎರಡು ಸಾಲು ಕನ್ನಡದಲ್ಲಿಯೂ ಇರಲಿ. ಎರಡನೆಯ ಕೋರಿಕೆ ತಮಗೆ. ಇಂಥ ಲೇಖನಗಳಲ್ಲಿ ಯಂತ್ರದ ಬೆಲೆಯ ಪಕ್ಕದಲ್ಲಿ ಮೂರು ವರ್ಷ ಆಟಗಳಿಗಾಗುವ ಅಂದಾಜು ಖರ್ಚನ್ನೂ, ಮರುಮಾರಾಟ ಸಾಧ್ಯವೋ ಇಲ್ಲವೋ ಎಂಬುದನ್ನೂ ಕೊಡುವಂತೆ ತಂತ್ರಜ್ಞಾನ ಪುಟದ ಬರಹಗಾರರಿಗೆ ಸೂಚಿಸಿ.

ಲೇಖನವನ್ನು ನಂಬಿ ಡಿಜಿಟಲ್ ಮಾದರಿಯನ್ನು ಈಗಾಗಲೇ ಕೊಂಡಿರುವವರು ಪೆಟ್ಟಿಗೆಯನ್ನು ಇನ್ನೂ ತೆರೆದಿಲ್ಲದಿದ್ದರೆ, ಅಂಗಡಿಯವರು ವ್ಯತ್ಯಾಸದ ಹಣ ಪಡೆದು ಬದಲಿಸಿ ಕೊಡುವರೇ ಎಂದು ಮೊದಲು ಕೇಳಲಿ. ತೆರೆದಾಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿರುವ ‘ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ’ ಎಂಬುದನ್ನು ಆಟ ಕೊಂಡ ಖಾತೆಯಲ್ಲಿ ಚಾಲನೆಗೊಳಿಸಿಕೊಳ್ಳಲಿ. ಅದಿಲ್ಲದಿದ್ದರೆ ಇಂಟರ್‌ನೆಟ್ ಹೋದ ದಿನ ಹಣ ಕೊಟ್ಟ ಆಟವೂ ತೆರೆಯದಿರಬಹುದು, ಮನೆಯ ಇತರರ ಖಾತೆಗಳಿಗೂ ಆ ಆಟ ಸಿಗದು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಶಿವಮೊಗ್ಗ